ಗುರುವಾರ ನಾಲ್ಕು ಗಂಟೆಯ ಕ್ಯಾಸೆಟ್ಟು

ಆ ಬಡಾವಣೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಕೇಬಲಣ್ಣ. ಅವನ ಹೆಂಡತಿ ಕೂಡ ಅಂಗಡಿಗೆ ಹೋದಾಗ "ಕೇಬಲಣ್ಣನ ಮನೆಯವರು" ಎಂದೇ ತನ್ನ ಗುರುತು ಹೇಳಿಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷ ಅವನು ಮನೆಮನೆಯ ಗೋಡೆಗೆ ತೂತು ಕೊರೆದು, ಕಪ್ಪು ವಯರನ್ನು ಒಳಗೆ ತಂದು, ಅದರ ತುದಿ ಸುಲಿದು, ಪಿನ್ನು ಹಾಕಿ ಟಿವಿಗೆ ಸಿಕ್ಕಿಸಿ ಬಂದಿದ್ದ. ಹೆಗಲ ಮೇಲೆ ಏಣಿ, ಸೊಂಟದಲ್ಲಿ ಕತ್ತರಿ ಇಕ್ಕಳಗಳ ಚೀಲ, ಬಾಯಲ್ಲಿ ಎರಡು ಮೊಳೆ. ಮೊಳೆ ಕಚ್ಚಿಕೊಂಡು ಮಾತಾಡುವುದು ಎಷ್ಟು ರೂಢಿಯಾಗಿತ್ತೆಂದರೆ, ಮೊಳೆಯಿಲ್ಲದ ಹೊತ್ತಿನಲ್ಲಿಯೂ ಅವನ ಮಾತು ತುಟಿಯ ಒಂದು ಮೂಲೆಯಿಂದಲೇ ಹೊರಡುತ್ತಿತ್ತು.

ಟಿವಿಯಲ್ಲಿ ಬಂದುದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುವ ವಿಸಿಆರ್ ಕೂಡಿಸುವುದರಲ್ಲಂತೂ ಅವನದು ಎತ್ತಿದ ಕೈ. ಒಂದು ಕಾಲದಲ್ಲಿ ಜನ ಆಸೆಯಿಂದ ಆ ಪೆಟ್ಟಿಗೆಯನ್ನು ಕೊಂಡು ತಂದು, ಅದರ ಬೆನ್ನ ಹಿಂದಿನ ತೂತುಗಳನ್ನು ನೋಡಿ ಕಂಗಾಲಾಗಿ, ಕೇಬಲಣ್ಣನಿಗೆ ಹೇಳಿ ಕಳುಹಿಸುತ್ತಿದ್ದರು. ಅವನು ಬಂದು, ಗೋಡೆಯಿಂದ ಬಂದ ವಯರನ್ನು ಟಿವಿಯಿಂದ ಬಿಡಿಸಿ ಮೊದಲು ವಿಸಿಆರಿಗೆ ಕೊಟ್ಟು, ಅಲ್ಲಿಂದ ಇನ್ನೊಂದು ತುಂಡನ್ನು ಟಿವಿಗೆ ಎಳೆಯುತ್ತಿದ್ದ. ಆಮೇಲೆ ಟಿವಿಯ ಮುಂದೆ ಮಂಡಿಯೂರಿ ಕುಳಿತು ಚಿತ್ರವನ್ನು ನೋಡುತ್ತಿದ್ದ. ಚಿತ್ರದಲ್ಲಿ ಯಾರಿದ್ದಾರೆ, ಏನು ಹೇಳುತ್ತಿದ್ದಾರೆ ಎಂಬುದು ಅವನಿಗೆ ಬೇಕಿರಲಿಲ್ಲ. ನೆರಳು ಬೀಳುತ್ತಿದೆಯೆ, ಗೆರೆ ಓಡುತ್ತಿದೆಯೆ, ಮುಖದ ಬಣ್ಣ ಹಸಿರಿಗೆ ತಿರುಗಿದೆಯೆ, ಇಷ್ಟೇ.

"ಮನೇಲಿ ಕಥೆ ನೋಡ್ತಾ ಕೂತಿದ್ರೆ ಇವರು ಹಿಂದಿನಿಂದ ಬಂದು, ಕೆಂಪು ಸ್ವಲ್ಪ ಜಾಸ್ತಿ ಆಯ್ತು ಅಂತಾರೆ. ಅಲ್ಲಿ ಕಥಾನಾಯಕಿ ಸಾಯ್ತಾ ಇರ್ತಾಳೆ!" ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯವರು ನೆಂಟರ ಊರಿಗೆ ಹೋಗಿದ್ದಾಗ ಸಿಡಿಲು ಬಡಿದು, ಕೇಬಲ್ಲಿನ ಮೂಲಕ ಒಳಗಿಳಿದು ಟಿವಿ ಸುಟ್ಟು ಕರಕಲಾಗಿತ್ತು. ಆ ಮನೆಯ ಯಜಮಾನ ಬೀದಿಯಲ್ಲಿ ನಿಲ್ಲಿಸಿಕೊಂಡು ಬೈದ ಬೈಗುಳ ಅವನ ಕಿವಿಯಿಂದ ಹೋಗಲೇ ಇಲ್ಲ. ಅಂದಿನಿಂದ ಅವನು ಸಂಪರ್ಕ ಕೊಟ್ಟ ಪ್ರತಿಯೊಂದು ಮನೆಯಲ್ಲಿಯೂ ಟಿವಿಯ ಪಕ್ಕದ ಗೋಡೆಗೆ ತನ್ನ ದುಂಡನೆಯ ಅಕ್ಷರದಲ್ಲಿ ಬರೆದ ಒಂದು ಚೀಟಿ ಅಂಟಿಸುತ್ತಿದ್ದ: "ಮನೆ ಬಿಟ್ಟು ಹೋಗುವಾಗ ತಪ್ಪದೆ ಪ್ಲಗ್ಗುಗಳನ್ನು ಕಿತ್ತಿಡಿ." ಓದಲು ಬಾರದವರಿಗೆ ಬಾಯಲ್ಲಿ ಹೇಳಿ, ಅವರಿಂದ ತಿರುಗಿ ಹೇಳಿಸುತ್ತಿದ್ದ. ಆಮೇಲೆ ಅವನ ಕೈಕೆಳಗಿನ ಒಂದು ಟಿವಿಯೂ ಸುಡಲಿಲ್ಲ. ಅದು ಅವನ ಒಂದೇ ಹೆಮ್ಮೆ.

ಕಾಲ ಸರಿಯಿತು. ಕ್ಯಾಸೆಟ್ಟಿನ ಬದಲು ಸಿಡಿಯೆಂಬ ತೆಳ್ಳನೆಯ ತಟ್ಟೆಗಳು ಬಂದವು. ಜನರ ಮನೆಯಲ್ಲಿ ವಿಸಿಆರ್ ಹೂಕುಂಡದ ಪೀಠವಾಯಿತು. "ವಿಸಿಆರ್ ಕೂಡಿಸಬೇಕು ಬಾ" ಎಂದು ಯಾರೂ ಕರೆಯದೆ ಎರಡು ವರ್ಷವಾಗಿತ್ತು. ಹಾಗಿರುವಾಗ ಗಡಿಯಾರದಮ್ಮನ ಮನೆಯಿಂದ ಕರೆ ಬಂದಿತು.

ಗಡಿಯಾರದಮ್ಮನಿಗೆ ಆ ಹೆಸರು ಬಂದದ್ದು ಗಂಡನ ಕಸುಬಿನಿಂದ. ಆತ ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ರೈಲು ನಿಲ್ದಾಣದ ಗೋಪುರದ ದೊಡ್ಡ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀಲಿ ಕೊಡುತ್ತಿದ್ದವರೂ ಅವರೇ. ಹಳೆಯ ಕಸುಬುಗಳ ಬಗೆಗೆ ಕಾರ್ಯಕ್ರಮ ಮಾಡುವ ಟಿವಿಯವರು ಒಂದು ದಿನ ಬಂದು, ಅವರ ಹಿಂದೆಯೇ ಗೋಪುರ ಹತ್ತಿ, ಅರ್ಧ ಗಂಟೆಯ ಚಿತ್ರ ತೆಗೆದುಕೊಂಡು ಹೋಗಿದ್ದರು. ಅದು ಪ್ರಸಾರವಾಗುವುದನ್ನು ಕಾಯುತ್ತಲೇ ಆತ ಎರಡು ತಿಂಗಳಿಗೆ ತೀರಿಕೊಂಡರು. ಅವರ ಫೋಟೋಗಳೇ ಕಡಿಮೆ. ಇದ್ದವುಗಳಲ್ಲಿಯೂ ಉಸಿರು ಬಿಗಿಹಿಡಿದು ನಿಂತಂತೆ ನಿಂತಿದ್ದರು. ಧ್ವನಿಯಂತೂ ಎಲ್ಲಿಯೂ ಉಳಿದಿರಲಿಲ್ಲ. ಈಗ, ಸತ್ತು ನಾಲ್ಕು ತಿಂಗಳಾದ ಮೇಲೆ, ಕಾಗದ ಬಂದಿತ್ತು: ಗುರುವಾರ ಸಾಯಂಕಾಲ ನಾಲ್ಕು ಗಂಟೆಗೆ ಪ್ರಸಾರ.

ಆ ಗುರುವಾರವೇ ಗಡಿಯಾರದಮ್ಮನ ಕಣ್ಣಿನ ಪೊರೆ ತೆಗೆಯುವ ದಿನ. ಐದು ತಿಂಗಳು ಕಾದು ಸಿಕ್ಕಿದ ದಿನ ಅದು. ಅದನ್ನು ಬಿಟ್ಟರೆ ಮತ್ತೆ ಅಷ್ಟೇ ತಿಂಗಳು ಕಾಯಬೇಕು. ಮನೆಯಲ್ಲಿಯೇ ಉಳಿದರೂ ನೋಡುವುದೆಂತು? ಎದುರಿಗೆ ಕುಳಿತವರ ಮೂಗು ಬಾಯಿಗಳು ಆಕೆಗೆ ಹಬೆಯ ಹಿಂದಿನಿಂದ ಕಂಡಂತೆ ಕಾಣುತ್ತಿದ್ದವು.

"ಅದಕ್ಕೇ ಕರೆಸಿದೆ ಕಣಪ್ಪಾ. ಅದನ್ನ ಹಿಡಿದಿಟ್ಟುಬಿಡು. ಹೊಸ ಕಣ್ಣು ಬಂದ ಮೇಲೆ ಮೊದಲು ಅವರನ್ನೇ ನೋಡ್ತೀನಿ" ಎಂದರು.

ಬೀರುವಿನ ತಳದಿಂದ ವಿಸಿಆರ್ ಹೊರಬಂತು. ಅದರೊಳಗಿನ, ಬರೀ ಅಂಕಿ ತೋರಿಸುವ ಮುಳ್ಳಿಲ್ಲದ ಗಡಿಯಾರ ಹೇಗೆ ನಡೆಯುತ್ತದೆಂದು ನೋಡಬೇಕೆಂಬ ಒಂದೇ ಆಸೆಯಿಂದ ಯಜಮಾನರು ಅದನ್ನು ತಂದು, ಮುಚ್ಚಳ ಬಿಚ್ಚಿ ನೋಡಿ, ತೃಪ್ತಿಯಾಗದೆ ಮುಚ್ಚಿಟ್ಟಿದ್ದರಂತೆ. ಕೇಬಲ್ಲಿಗೆ ಅದು ಎಂದೂ ಸೇರಿರಲಿಲ್ಲ. ಕೇಬಲಣ್ಣ ಧೂಳು ಒರೆಸಿದ, ವಯರು ತಿರುಗಿಸಿ ಕೊಟ್ಟ, ಗುರುವಾರದ ಚಾನೆಲನ್ನು ಹುಡುಕಿ ಕೂರಿಸಿದ. ಗೋಡೆಯ ಗಡಿಯಾರವನ್ನು ನೋಡಿ ವಿಸಿಆರಿನ ಹೊತ್ತನ್ನು ಸರಿಮಾಡಿದ. ಆ ಮನೆಯ ಗೋಡೆಗಡಿಯಾರಕ್ಕಿಂತ ನಂಬಿಕಸ್ಥ ಗಡಿಯಾರ ಊರಿನಲ್ಲಿರಲಿಲ್ಲ.

"ಟಿವಿ ಆರಿಸಿದ್ರೂ ಇದು ಹಿಡಿಯುತ್ತೇನಪ್ಪಾ?"

"ಹಿಡಿಯುತ್ತಮ್ಮಾ. ಟಿವಿ ಹಂಗು ಇದಕ್ಕಿಲ್ಲ. ಇದಕ್ಕೆ ಇದರದೇ ಕಣ್ಣಿದೆ."

"ಹಾಗಾದ್ರೆ ನನಗಿಂತ ವಾಸಿ."

ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದಿದ್ದ ತಂಗಿ ಬಾಗಿಲಲ್ಲಿ ನಿಂತಿದ್ದಳು. ಬಾಯಿ ಚುರುಕಿನ ಹೆಂಗಸು. "ಡಾಕ್ಟರಿಗೆ ಹೇಳ್ತೀನಿ ಬಿಡಕ್ಕಾ, ನಿನಗೂ ಇಂಥದ್ದೇ ಒಂದು ಕೂರಿಸಲಿ. ನೀನು ನಿದ್ದೆ ಮಾಡ್ತಿದ್ರೂ ಪಕ್ಕದ ಮನೇಲಿ ಏನಾಯ್ತು ಅಂತ ಹಿಡಿದಿಟ್ಟಿರುತ್ತೆ" ಎಂದಳು.

ಕೇಬಲಣ್ಣ ತನ್ನ ಚೀಲದ ಹಳೆಯ ಕ್ಯಾಸೆಟ್ಟು ಹಾಕಿ, ಎರಡು ನಿಮಿಷ ಮುಂದಕ್ಕೆ ಟೈಮರ್ ಇಟ್ಟು ಪರೀಕ್ಷೆ ಮಾಡಿದ. ಮೂವರೂ ಕಿವಿಗೊಟ್ಟು ಕಾದರು. ಹೊತ್ತಿಗೆ ಸರಿಯಾಗಿ ಒಳಗೆ ಟಕ್ಕೆಂದು ಸದ್ದಾಗಿ ಚಕ್ರ ತಿರುಗಿತು.

"ಅವರು ಇದ್ದಿದ್ರೆ ಆ ಸದ್ದು ಕೇಳಿ, ಒಳಗೆ ಯಾವ ಹಲ್ಲು ಸವೆದಿದೆ ಅಂತ ಹೇಳಿಬಿಡೋರು" ಎಂದರು ಗಡಿಯಾರದಮ್ಮ.

ತಿರುಗಿಸಿ ಹಾಕಿ ನೋಡಿದರೆ ವಾರ್ತೆ ಓದುವವಳು ಸ್ವಚ್ಛವಾಗಿ ಬಂದಿದ್ದಳು. ನೆರಳಿಲ್ಲ, ಗೆರೆಯಿಲ್ಲ. ಆಮೇಲೆ ಅವನು ಆಕೆ ತರಿಸಿದ್ದ ಹೊಸ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕು ಹರಿದು ಒಳಗೆ ಹಾಕಿ, ಗುರುವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗಿನಿಂದ ನಾಲ್ಕೂ ಮುಕ್ಕಾಲರವರೆಗೆ ಟೈಮರ್ ಇಟ್ಟ.

"ಇನ್ನು ಯಾವ ಗುಂಡೀನೂ ಮುಟ್ಟಬೇಡಿ. ಧೂಳು ಒರೆಸೋದಕ್ಕೂ ಹೋಗಬೇಡಿ. ಸೋಮವಾರ ನಾನೇ ಬಂದು ಹಾಕಿ ತೋರಿಸ್ತೀನಿ."

ಗುಂಡಿಯ ಬಗೆಗೆ ಎರಡು ಸಲ ಹೇಳಿದ. ಪ್ಲಗ್ಗಿನ ಬಗೆಗೆ ಒಂದು ಮಾತೂ ಆಡಲಿಲ್ಲ. ಟಿವಿಯ ಪಕ್ಕದಲ್ಲಿ ಹನ್ನೊಂದು ವರ್ಷದ ಹಿಂದೆ ಅವನೇ ಅಂಟಿಸಿದ ಚೀಟಿ ಹಳದಿಗಟ್ಟಿ ಅಲ್ಲಿಯೇ ಇತ್ತು. ಊರ ತುಂಬ ಅದೇ ಚೀಟಿಯನ್ನು ದಿನಾ ನೋಡುತ್ತಿದ್ದುದರಿಂದ ಅದು ಅವನ ಕಣ್ಣಿಗೆ ಬೀಳುವುದು ಎಂದೋ ನಿಂತುಹೋಗಿತ್ತು.

ಗುರುವಾರ ನಾಲ್ಕಕ್ಕೆ ಅವನು ಬೇಕೆಂದೇ ಮನೆಗೆ ಬಂದ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತು, ಯಾರದೋ ಕೋಟಿಗೆ ಅಸ್ತರು ಕೊಡುತ್ತಿದ್ದಳು. ಅವನು ಟಿವಿ ಹಾಕಿ ಮಂಡಿಯೂರಿದ. ಗೋಪುರದ ಕಬ್ಬಿಣದ ಮೆಟ್ಟಿಲು, ಹಲ್ಲುಚಕ್ರ, ಅವುಗಳ ನಡುವೆ ಯಜಮಾನರು. ಐದು ನಿಮಿಷ ನೋಡಿದ.

"ಬಣ್ಣ ಸರಿಯಾಗಿದೆ" ಎಂದು ಎದ್ದ.

"ನಮ್ಮ ವಿಸಿಆರಿಗೂ ಒಂದು ಕ್ಯಾಸೆಟ್ ಹಾಕ್ಲೇನ್ರೀ?" ಎಂದಳು ಹೆಂಡತಿ.

"ಯಾಕೆ? ಅಲ್ಲಿ ಹಿಡೀತಾ ಇದೆಯಲ್ಲ. ನನ್ನ ಕೆಲಸದ ಮೇಲೆ ನಿನಗೆ ನಂಬಿಕೆ ಇಲ್ವಾ?"

"ಕೇಳಿದ್ದೇ ತಪ್ಪಾಯ್ತು ಮಾರಾಯ್ರೇ" ಎಂದು ಅವಳು ಕೋಟನ್ನು ಮಡಿಲಲ್ಲಿಟ್ಟುಕೊಂಡು ಟಿವಿಯ ಕಡೆಗೆ ತಿರುಗಿದಳು. ಅವನು ಏಣಿ ಹೊತ್ತುಕೊಂಡು ಹಿಂದಿನ ಬೀದಿಯ ದೂರೊಂದನ್ನು ನೋಡಲು ಹೋದ.

ಸೋಮವಾರ ಬೆಳಗ್ಗೆ ಹತ್ತಕ್ಕೆ ಅವನು ಗಡಿಯಾರದಮ್ಮನ ಮನೆಗೆ ಹೋದಾಗ ಆಕೆ ಕುರ್ಚಿಯನ್ನು ಟಿವಿಯ ಮುಂದಕ್ಕೆ ಎಳೆದುಕೊಂಡು, ಕಪ್ಪು ಕನ್ನಡಕ ಹಾಕಿ, ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಕುಳಿತಿದ್ದರು.

"ಬಾಪ್ಪಾ! ನಿನ್ನ ಮೀಸೆ ಇಷ್ಟು ಬೆಳ್ಳಗಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ."

"ಬಂದಾಗಿನಿಂದ ಮನೆಯ ಕೊಳೆನೆಲ್ಲಾ ಒಂದೊಂದಾಗಿ ತೋರಿಸಿ ನನ್ನ ಪ್ರಾಣ ತಿಂತಿದಾಳೆ. ಕಣ್ಣು ಬಂದಿದ್ದು ಇವಳಿಗೆ, ಸೊಂಟ ಹೋಗಿದ್ದು ನನಗೆ" ಎಂದಳು ತಂಗಿ.

ಕೇಬಲಣ್ಣ ನಗುತ್ತ ವಿಸಿಆರಿನ ಕಡೆ ಬಗ್ಗಿದ. ನಗು ಅಲ್ಲಿಯೇ ನಿಂತಿತು. ಹೊತ್ತು ತೋರಿಸುವ ಕಡೆ ನಾಲ್ಕು ಸೊನ್ನೆಗಳು ಕಣ್ಣು ಮಿಟುಕಿಸುತ್ತಿದ್ದವು. ನಡುವೆ ಎಂದೋ ಕರೆಂಟು ತಪ್ಪಿದ ಯಂತ್ರದ ಲಕ್ಷಣ ಅದು. ರೆಕಾರ್ಡ್ ಆದ ಮೇಲೆ ಕರೆಂಟು ಹೋಗಿರಬಹುದು, ಶುಕ್ರವಾರ ಹೋಗಿರಬಹುದು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡು, ಸುರುಳಿಯನ್ನು ಹಿಂದಕ್ಕೆ ಓಡಿಸುವ ಗುಂಡಿ ಒತ್ತಿದ. ಓಡಲಿಲ್ಲ. ಒತ್ತಿದ ಕೂಡಲೇ ಟಕ್ಕೆಂದು ನಿಂತಿತು. ಸುರುಳಿ ಮೊದಲಲ್ಲಿಯೇ ಇತ್ತು, ಒಂದು ಅಂಗುಲವೂ ಕದಲಿರಲಿಲ್ಲ.

ಹಿಂದೆ ಆಕೆ ಕಾಯುತ್ತಿದ್ದರು. ಅವನ ಕೈ ತಾನಾಗಿಯೇ ಪ್ಲೇ ಗುಂಡಿಯನ್ನು ಒತ್ತಿತು. ಪರದೆಯ ತುಂಬ ನೀಲಿ ಹರಡಿತು. ಖಾಲಿ ಕ್ಯಾಸೆಟ್ಟಿನ ನೀಲಿ.

"ಅಯ್ಯೋ, ಎಷ್ಟು ನೀಲಿ!" ಎಂದರು ಗಡಿಯಾರದಮ್ಮ. "ಇಂಥಾ ನೀಲಿ ನೋಡಿ ಎಷ್ಟು ವರ್ಷ ಆಯ್ತೇ! ಎಲ್ಲಾ ಬೂದಿ ಬಳಿದ ಹಾಗೆ ಕಾಣ್ತಿತ್ತು. ಇದು ಮೊದಲಿಗೆ ಬರೋ ಪರದೆಯೇನಪ್ಪಾ?"

ಕೇಬಲಣ್ಣ ವಿಸಿಆರಿನ ಬೆನ್ನ ಹಿಂದೆ ಕೈ ಹಾಕಿ ಪಿನ್ನುಗಳನ್ನು ಒತ್ತಿ ನೋಡಿದ.

"ಬರ್ತಾರೆ, ಇರು. ಅವರು ಯಾವತ್ತೂ ಹಾಗೇ. ಎಲ್ಲಾರ ಗಡಿಯಾರ ಸರಿ ಮಾಡೋರು, ತಾವು ಮಾತ್ರ ಹೊರಡೋದು ತಡ" ಎಂದು ಆಕೆ ತಂಗಿಯ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಗೋಡೆಯ ಗಡಿಯಾರ ಟಿಕ್ಕೆನ್ನುತ್ತಿತ್ತು. ಒಂದು ನಿಮಿಷವಾಯಿತು, ಎರಡಾಯಿತು. ನೀಲಿ ಹಾಗೆಯೇ ಇತ್ತು.

"ಅಮ್ಮಾ," ಎಂದ ಕೇಬಲಣ್ಣ ಕೊನೆಗೆ, "ಆಸ್ಪತ್ರೆಗೆ ಹೋಗೋವಾಗ ಪ್ಲಗ್ಗು..."

"ಕಿತ್ತೆನಲ್ಲ! ಕೀಳದೆ ಇರ್ತೀನಾ? ಮೊದಲು ಪ್ಲಗ್ಗು, ಆಮೇಲೆ ಬೀಗ. ನೀನು ಹೇಳಿಕೊಟ್ಟಿದ್ದನ್ನ ನಾವು ಒಂದು ದಿನ ತಪ್ಪಿಸಿದವರಲ್ಲ."

"ಇವಳಿಗೆ ಕಾಣ್ತಿರಲಿಲ್ಲ. ನಾನೇ ಹುಡುಕಿ ಕೈಗೆ ಕೊಟ್ಟೆ. ಬಂದ ಮೇಲೆ ನಾನೇ ಹಾಕಿದೆ" ಎಂದಳು ತಂಗಿ. ಹೇಳುತ್ತ ಹೇಳುತ್ತ ಅವಳ ಧ್ವನಿ ಇಳಿಯಿತು. ಅವಳಿಗೆ ಅರ್ಥವಾಗಿತ್ತು.

ಗಡಿಯಾರದಮ್ಮ ಗೋಡೆಯ ಚೀಟಿಯ ಕಡೆಗೆ ತಿರುಗಿ, ಕನ್ನಡಕವನ್ನು ಮೇಲೆ ಸರಿಸಿ, ಮೊದಲನೆಯ ತರಗತಿಯ ಮಗುವಿನಂತೆ ಬಿಡಿಬಿಡಿಸಿ ಓದಿದರು: "ಮನೆ ಬಿಟ್ಟು ಹೋಗುವಾಗ... ತಪ್ಪದೆ..." ಅರ್ಧದಲ್ಲಿ ನಿಲ್ಲಿಸಿ ಅವನ ಮುಖ ನೋಡಿದರು. ಹಬೆ ಸರಿದ ಆ ಕಣ್ಣಿಗೆ ಅವನ ಮುಖದಲ್ಲಿದ್ದುದೆಲ್ಲ ಕಂಡಿತು.

"ಹಾಗಾದ್ರೆ ನಾನೇ ಕಿತ್ತುಬಿಟ್ಟೆ ಅನ್ನು, ಅವರನ್ನ."

"ಇಲ್ಲಮ್ಮಾ. ನಾನು ಹೇಳಬೇಕಾಗಿತ್ತು. ಈ ಒಂದು ಸಲ ಕೀಳಬೇಡಿ ಅಂತ ನಾನು ಹೇಳಬೇಕಾಗಿತ್ತು."

ಆಕೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಕನ್ನಡಕವನ್ನು ಮತ್ತೆ ಕಣ್ಣಿಗೆ ಇಳಿಸಿಕೊಂಡು, "ನೀನು ನೋಡಿದ್ಯಾ?" ಎಂದು ಕೇಳಿದರು.

"ನೋಡಿದೆನಮ್ಮಾ."

"ಹೇಗಿದ್ರು?"

"ಚೆನ್ನಾಗಿ ಬಂತಮ್ಮಾ. ಗೆರೆ ಇರಲಿಲ್ಲ, ನೆರಳಿರಲಿಲ್ಲ. ಬಣ್ಣ..."

"ಅದಲ್ಲಪ್ಪಾ. ಅವರು. ಅವರು ಹೇಗಿದ್ರು?"

ಕೇಬಲಣ್ಣ ನೆನಪನ್ನೆಲ್ಲ ತಡಕಾಡಿದ. ಗೋಪುರದ ಕಿಟಕಿಯ ಅಂಚು ಚೂಪಾಗಿ ಬಂದಿದ್ದುದು ನೆನಪಿತ್ತು. ಮುಖದ ಬಣ್ಣ ಹಸಿರಿಗೆ ತಿರುಗಿರಲಿಲ್ಲ, ಅದೂ ನೆನಪಿತ್ತು. ಆ ಮುಖ ನಗುತ್ತಿತ್ತೆ, ಅಳುಕುತ್ತಿತ್ತೆ, ಏನು ಮಾತಾಡಿತು? ತಲೆಯೊಳಗೂ ಅದೇ ನೀಲಿ. ಅವನು ಚೀಲವನ್ನು ಎತ್ತಿಕೊಂಡು, ಏಣಿಯನ್ನು ಅಲ್ಲಿಯೇ ಮರೆತು ಹೊರಗೆ ಬಂದ.

ಮರುದಿನದಿಂದ ಅವನು ಮನೆಮನೆ ಅಲೆದ. "ಹೋದ ಗುರುವಾರ ನಾಲ್ಕು ಗಂಟೆಗೆ ಏನಾದ್ರೂ ರೆಕಾರ್ಡ್ ಮಾಡಿದ್ರಾ?" ಎಂದು ಕೇಳಿದ. ಜನ ನಕ್ಕರು. "ಯಾವ ಕಾಲದಲ್ಲಿದೀಯೋ ಕೇಬಲಣ್ಣಾ? ಬೇಕಿದ್ರೆ ಆ ವಿಸಿಆರನ್ನೇ ತಗೊಂಡು ಹೋಗು, ಹೂಕುಂಡ ಮಾತ್ರ ಬಿಟ್ಟು ಹೋಗು" ಎಂದರು. ಬಸ್ಸು ಹಿಡಿದು ಟಿವಿಯವರ ಕಚೇರಿಗೆ ಹೋದ. ಮೇಜಿನ ಹಿಂದಿದ್ದವನು ಒಳ್ಳೆಯವನೇ. ಒಳಗೆ ಹೋಗಿ ಹುಡುಕಿಸಿ ಬಂದು, "ಮರುಪ್ರಸಾರ ಇಲ್ಲ ಕಣ್ರೀ. ಆ ಟೇಪಿನ ಮೇಲೆ ಶನಿವಾರವೇ ಬೇರೆ ಕಾರ್ಯಕ್ರಮ ಹಿಡಿದಾಗಿದೆ. ನಮ್ಮಲ್ಲಿ ಟೇಪು ಅಷ್ಟು ಬೇಗ ತಿರುಗುತ್ತೆ" ಎಂದ.

ಆ ದಿನ ಊಟಕ್ಕೆ ಕುಳಿತಾಗ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಕ್ಯಾಸೆಟ್ ಹಾಕಲೇ ಎಂದು ತಾನು ಕೇಳಿದ್ದನ್ನು ಅವಳು ಎತ್ತಿ ಆಡಲಿಲ್ಲ. ತಟ್ಟೆಯನ್ನೇ ನೋಡುತ್ತ, "ನಾನು ಪೂರ್ತಿ ನೋಡಿದ್ದೀನಲ್ರೀ. ಅವರಿಗೆ ಬಂದು ಹೇಳ್ಲಾ?" ಎಂದಳು.

ಹಾಗೆ ಆ ಗುರುವಾರ ನಾಲ್ಕು ಗಂಟೆಗೆ ಅವಳು ಗಡಿಯಾರದಮ್ಮನ ಎದುರು ಕುಳಿತಳು. ಕೇಬಲಣ್ಣ ಬಾಗಿಲ ಹೊರಗೆ ಏಣಿಗೆ ಒರಗಿ ನಿಂತ. ಹೆಂಡತಿಗೆ ಹೇಳಲು ಬರುತ್ತಿತ್ತು. ಗೋಪುರದ ಮೆಟ್ಟಿಲು ಹತ್ತುವಾಗ ಅವರು ಹೇಗೆ ಎರಡೆರಡು ಮೆಟ್ಟಿಲಿಗೆ ನಿಂತು, ಏದುಸಿರು ಕಾಣದಿರಲೆಂದು ಗೋಡೆಯ ಬಿರುಕು ತೋರಿಸುತ್ತಿದ್ದರು, ಚಕ್ರಕ್ಕೆ ಎಣ್ಣೆ ಬಿಡುವ ಮೊದಲು ಹೇಗೆ ಅದರ ಮೇಲೆ ಉಫ್ ಎಂದು ಊದುತ್ತಿದ್ದರು, ಎಲ್ಲವನ್ನೂ ಹೇಳಿದಳು.

"ಆ ಟಿವಿ ಹುಡುಗಿ ಕೇಳಿದ್ಲು ಅಕ್ಕಾ, ನಿಮ್ಮ ಮನೇಲಿ ಯಾವ ಗಡಿಯಾರ ನೋಡ್ತೀರಿ ಅಂತ. ಅದಕ್ಕೆ ಅವರು, ನಮ್ಮನೇಲಿ ಗಡಿಯಾರ ನೋಡೋ ಹಾಗಿಲ್ಲಮ್ಮ, ಹೆಂಡತಿ ಊಟಕ್ಕೆ ಕರೆದಾಗ ಒಂದು ಗಂಟೆ ಅಂದ್ರು."

ಗಡಿಯಾರದಮ್ಮ ಗಟ್ಟಿಯಾಗಿ ನಕ್ಕರು. ನಗುತ್ತಲೇ ಕನ್ನಡಕ ತೆಗೆದರು. "ಕಣ್ಣಿಗೆ ನೀರು ತಾಗಿಸಬಾರದು ಅಂದಿದಾರೆ ಕಣೇ ಅಕ್ಕಾ" ಎಂದು ತಂಗಿ ಮೆಲ್ಲಗೆ ಹೇಳಿದಳು.

"ಯಾವ ಸ್ವೆಟರ್ ಹಾಕಿದ್ರು?"

"ಕಂದು. ಮೊಣಕೈ ಹತ್ರ ತೇಪೆ ಇತ್ತು."

"ತೇಪೆ ನಾನೇ ಹಾಕಿದ್ದು. ಮುಂದಿನ ವಾರವೂ ಬರ್ತೀಯೇನಮ್ಮಾ?"

ಅವಳು ಬಂದಳು. ಗುರುವಾರ ಗುರುವಾರ ಬಂದಳು. ತಂಗಿ ತನ್ನ ಊರಿಗೆ ಹೋದಳು. ಕೇಬಲಣ್ಣ ಹಳೆಯ ಚೀಟಿಗಳ ಕೆಳಗೆ "ಟೈಮರ್ ಇಟ್ಟಿದ್ದರೆ ಕೀಳಬೇಡಿ" ಎಂದು ಮನೆಮನೆಯಲ್ಲಿ ಬರೆಯುತ್ತ ಹೋದ. ಟೈಮರ್ ಇಡುವವರು ಯಾರೂ ಇರಲಿಲ್ಲ. ಗಡಿಯಾರದಮ್ಮ ಮಾತ್ರ ತಮ್ಮ ಚೀಟಿಯನ್ನು ಮುಟ್ಟಗೊಡಲಿಲ್ಲ. "ಅದರಲ್ಲಿ ತಪ್ಪೇನಿದೆ? ಬಿಡು" ಎಂದರು.

ಹೇಳಿದ್ದನ್ನೇ ಹೇಳುವುದು ಸುಲಭದ ಕೆಲಸವಲ್ಲ. ಮೂರನೆಯ ತಿಂಗಳಿಗೆ ಹೆಂಡತಿ ನಡುನಡುವೆ ತಡವರಿಸತೊಡಗಿದಳು. ಎರಡೆರಡು ಮೆಟ್ಟಿಲು ಮೂರುಮೂರಾಯಿತು. ಗೋಡೆಯ ಬಿರುಕು ಹಕ್ಕಿಯ ಗೂಡಾಯಿತು. ಹೊರಗೆ ನಿಂತ ಕೇಬಲಣ್ಣನಿಗೆ ಅದು ಒಂದೊಂದೂ ತಿಳಿಯುತ್ತಿತ್ತು. ಗಡಿಯಾರದಮ್ಮನಿಗೂ ತಿಳಿಯುತ್ತಿದ್ದಿರಬೇಕು, ಆದರೆ ತಿದ್ದುತ್ತಿರಲಿಲ್ಲ.

ಒಂದು ಗುರುವಾರ ಅವಳು ಬೂದು ಸ್ವೆಟರ್ ಎಂದಳು.

"ಮೊದಲು ಕಂದು ಅಂದಿದ್ದೆ" ಎಂದರು ಗಡಿಯಾರದಮ್ಮ.

"ಕಂದೇ ಇರಬೇಕು ಅಕ್ಕಾ... ಇಲ್ಲ, ಬೂದು... ತೇಪೆ ಅಂತೂ ಇತ್ತು."

ಆಕೆ ಎದ್ದು ಬೀರು ತೆಗೆದು ಎರಡು ಸ್ವೆಟರು ತಂದು ಮೇಜಿನ ಮೇಲೆ ಹರಡಿದರು. ಒಂದು ಕಂದು, ಒಂದು ಬೂದು. ಎರಡಕ್ಕೂ ಮೊಣಕೈಯಲ್ಲಿ ತೇಪೆಯಿತ್ತು, ಎರಡೂ ಒಂದೇ ಕೈಯ ಹೊಲಿಗೆ. ಹೆಂಡತಿ ಎರಡನ್ನೂ ಮುಟ್ಟಿದಳು, ಎತ್ತಿ ಬೆಳಕಿಗೆ ಹಿಡಿದಳು, ಮತ್ತೆ ಇಟ್ಟಳು. ಅವಳ ಕೈ ನಡುವೆಯೇ ನಿಂತಿತು.

"ಕೇಬಲಣ್ಣಾ," ಎಂದು ಗಡಿಯಾರದಮ್ಮ ಬಾಗಿಲ ಕಡೆಗೆ ಕರೆದರು, "ಒಳಗೆ ಬಾರಪ್ಪಾ. ಬಣ್ಣ ನೋಡೋನು ನೀನಲ್ವಾ. ಯಾವುದು ಹೇಳು."

ಅವನು ಒಳಗೆ ಬಂದು ಮೇಜಿನ ಮುಂದೆ ನಿಂತ. ಬಣ್ಣ ಸರಿಯಾಗಿತ್ತು ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಯಾವ ಬಣ್ಣವೆಂಬುದು ನೆನಪಿರಲಿಲ್ಲ. ಎರಡು ಸ್ವೆಟರುಗಳನ್ನೂ ನೋಡುತ್ತ ನಿಂತೇ ಇದ್ದ. ಆಮೇಲೆ ಗಡಿಯಾರದಮ್ಮ ಅವನಿಗೆ ಕಷ್ಟ ಕೊಡದೆ ಎರಡನ್ನೂ ಒಂದರ ಮೇಲೊಂದಿಟ್ಟು ಮಡಿಚತೊಡಗಿದರು.